ದೋಣಿಯಲ್ಲಿದ್ದವನಿಗೆ ಹೇಳದ ಮಾತು

ಸಮುದ್ರದೊಳಗೆ ಒಬ್ಬನೇ ಇಳಿಯಬಾರದು. ಗೋವಾದಲ್ಲಿ ನನಗೆ ಸ್ಕೂಬಾ ಕಲಿಸಿದ ಹೆಂಗಸು ಮೊದಲ ದಿನ ಹೇಳಿದ್ದು ಇದನ್ನೇ, ಕೊನೆಯ ದಿನ ಪಾಸಾದ ಕಾರ್ಡು ಕೈಗಿಟ್ಟು ಕಳಿಸುವಾಗ ಹೇಳಿದ್ದೂ ಇದನ್ನೇ. ಕೆಳಗೆ ಏನಾದರೂ ಎಡವಟ್ಟಾದರೆ ಜೊತೆಗಿದ್ದವನ ಗಾಳಿಯೇ ನಿನಗೆ ಗತಿ, ಅದಕ್ಕೇ ಮೊದಲು ಒಬ್ಬ ಜೋಡಿಯನ್ನು ಹುಡುಕಿಕೋ, ಸಾಮಾನು ಆಮೇಲೆ ಕೊಂಡರಾಯಿತು ಅಂದಿದ್ದಳು. ನಾನು ಹೂಂ ಅಂದೆ. ಊರಿಗೆ ಬಂದು ಮೊದಲು ಸಾಮಾನು ಕೊಂಡೆ.

ಎರಡು ಸಾವಿರದ ಐದೋ ಆರೋ ಇರಬೇಕು. ನನಗೆ ನಲವತ್ತರ ಹತ್ತಿರ ವಯಸ್ಸು. ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ, ಮನೆ ಶಿರವಾಡದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನ ಬಲಗಡೆಯ ಕಿಟಕಿಗೆ ಕೂತು ಹೋಗುತ್ತಿದ್ದೆ. ಸಮುದ್ರ ಆಗಾಗ ಕಾಣುತ್ತಿತ್ತು, ಗುಡ್ಡ ಅಡ್ಡ ಬಂದರೆ ಮರೆಯಾಗುತ್ತಿತ್ತು. ಹೀಗೆ ಹದಿನೈದು ವರ್ಷ ಅದನ್ನು ಮೇಲಿನಿಂದಲೇ ನೋಡಿದ್ದೆ. ಮೀನು ಅಂದರೆ ನನ್ನ ಮಟ್ಟಿಗೆ ಬುಟ್ಟಿಯಲ್ಲಿ ಬಾಗಿಲಿಗೆ ಬರುವ ವಸ್ತುವಾಗಿತ್ತು. ದಸರಾ ರಜೆಯಲ್ಲಿ ಪೇಪರಿನ ಒಂದು ಜಾಹೀರಾತು ನೋಡಿ ಗೋವಾಕ್ಕೆ ಹೋದೆ. ಹತ್ತು ಮೀಟರ್ ಕೆಳಗೆ, ಒಂದು ಮೀನು ನನ್ನನ್ನು ಲೆಕ್ಕಕ್ಕೇ ಹಿಡಿಯದೆ ಮೂಗಿನ ಮುಂದೆ ಹಾದು ಹೋದಾಗ ನನಗೆ ಅಳು ಬಂತು. ನೀರಿನ ಕನ್ನಡಕದೊಳಗೆ ಅತ್ತರೆ ಒರೆಸಿಕೊಳ್ಳುವುದಕ್ಕೂ ಬರುವುದಿಲ್ಲ.

ಆಮೇಲೆ ನನಗೆ ಬೇರೆ ಧ್ಯಾನವೇ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಅದೇ ಮಾತು, ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು. ಹೆಂಡತಿ ಒಂದು ವಾರ ಸಹಿಸಿಕೊಂಡಳು. ಎಂಟನೇ ದಿನ, "ಸಮುದ್ರದ ಸುದ್ದಿ ಸಾಕು, ಬಾವಿಯ ಪಂಪು ಹಾಳಾಗಿದೆ, ಅದರೊಳಗೆ ಇಳಿದು ನೋಡಿ" ಅಂದಳು.

ಸಾಮಾನು ಕೂಡಿಸುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಮಳೆಗಾಲಕ್ಕೆ ಬಾಗಿಲು ಹಾಕುವ ಮುಂಚೆ ಗೋವಾದ ಅಂಗಡಿಯವರು ತಮ್ಮ ಹಳೆಯ ಸಾಮಾನು ಮಾರುತ್ತಾರೆ ಎಂದು ಕಲಿಸಿದವಳೇ ಫೋನು ಮಾಡಿ ತಿಳಿಸಿದಳು. ಮುಖದ ಕನ್ನಡಕ, ಕಾಲಿಗೆ ರಬ್ಬರಿನ ರೆಕ್ಕೆ, ಗಾಳಿ ತುಂಬುವ ಜಾಕೀಟು, ಸಿಲಿಂಡರು, ಅದರಿಂದ ಬಾಯಿಗೆ ಗಾಳಿ ತರುವ ರೆಗ್ಯುಲೇಟರು, ಎಲ್ಲವನ್ನೂ ಎರಡೆರಡು ತೆಗೆದುಕೊಂಡೆ. "ಜೋಡಿ ಸಿಕ್ಕಿದನಾ?" ಎಂದು ಅವಳು ಕೇಳಿದಳು. "ಸಿಗುತ್ತಾನೆ" ಅಂದೆ. ಗಂಡು ಗೊತ್ತಾಗುವ ಮೊದಲೇ ಮದುವೆ ಸೀರೆ ಕೊಂಡವರ ಹಾಗೆ ಎರಡನೆಯ ಜೊತೆಯನ್ನು ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟೆ.

ನೀರಿನಲ್ಲಿ ತೇಲದೆ ಕೆಳಗೆ ನಿಲ್ಲಬೇಕಾದರೆ ಸೊಂಟಕ್ಕೆ ಭಾರ ಬೇಕು. ಅದಕ್ಕೆ ಕಾರವಾರದ ಬಲೆ ಅಂಗಡಿಯಲ್ಲಿ ಸೀಸದ ಗುಂಡುಗಳನ್ನು ಕೊಂಡು, ದರ್ಜಿಯ ಹತ್ತಿರ ದಪ್ಪ ಕ್ಯಾನ್ವಾಸಿನ ಪಟ್ಟಿ ಹೊಲಿಸಿ, ಅದಕ್ಕೆ ಸಾಲಾಗಿ ಕಿಸೆ ಇಡಿಸಿದೆ. ಕಿಸೆಯಲ್ಲಿ ಏನು ಇಡುತ್ತೀರಿ ಎಂದು ದರ್ಜಿ ಕೇಳಿದ. ಸೀಸ, ಸಮುದ್ರದಲ್ಲಿ ಮುಳುಗುವುದಕ್ಕೆ ಅಂದೆ. ಅವನು ಟೇಪು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿ, "ಮನೆಲಿ ಎಲ್ಲ ಆರಾಮಲ್ಲ ಮಾಸ್ತರೆ?" ಎಂದು ಮೆಲ್ಲಗೆ ಕೇಳಿದ.

ಗಾಳಿಯ ವಿಷಯ ಇನ್ನೂ ತ್ರಾಸಿನದು. ಉಸಿರಾಡುವಂಥ ಗಾಳಿಯನ್ನು ಸಿಲಿಂಡರಿಗೆ ಒತ್ತಿ ತುಂಬುವ ಯಂತ್ರ ನಮ್ಮ ಕಡೆ ನನ್ನಂಥವರಿಗೆ ಎಲ್ಲೂ ಇರಲಿಲ್ಲ. ಸಿಲಿಂಡರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಸ್ಕೂಟರಿನ ಹಿಂದೆ ಮಲಗಿಸಿ, ಕಾಳಿ ಸೇತುವೆ ದಾಟಿ ಗೋವಾಕ್ಕೆ ಹೋಗಿ ತುಂಬಿಸಿ ತರಬೇಕು. ಗಡಿಯಲ್ಲಿ ಚೆಕ್‌ಪೋಸ್ಟು. ಗೋವಾದ ಕಡೆಯಿಂದ ಬಟ್ಟೆ ಸುತ್ತಿದ ಸಾಮಾನು ಬಂತೆಂದರೆ ಅಲ್ಲಿಯವರಿಗೆ ಒಂದೇ ಅನುಮಾನ.

"ಒಳ್ಗೆ ಎಂತ ಉಂಟು?"

"ಗಾಳಿ."

"ಗಾಳಿ ತರೂಕೆ ಗೋವಾಕ್ಕೆ ಹೋಗಿದ್ರಾ? ನಮ್ಮಲ್ಲಿ ಕಮ್ಮಿ ಬಿತ್ತಾ?"

ವಾಲ್ವು ಸ್ವಲ್ಪ ತಿರುಗಿಸಿ ತೋರಿಸಿದೆ. ಬುಸ್ಸೆಂದ ಸದ್ದಿಗೆ ಪೊಲೀಸಿನವನು ಎರಡು ಹೆಜ್ಜೆ ಹಿಂದೆ ಸರಿದ. ಮೂಸಿ ನೋಡಿದ, ಯಾವ ವಾಸನೆಯೂ ಇಲ್ಲದ್ದರಿಂದ ಅವನಿಗೆ ನಿರಾಸೆಯೇ ಆಗಿರಬೇಕು. ಅಲ್ಲಿಂದಾಚೆ ನನ್ನ ಸ್ಕೂಟರು ಕಂಡರೆ ದೂರದಿಂದಲೇ ಕೈ ಬೀಸಿ ಬಿಡುತ್ತಿದ್ದ.

ಗಾಳಿ ಬಂತು, ಸೀಸ ಬಂತು, ಜೋಡಿ ಮಾತ್ರ ಸಿಗಲಿಲ್ಲ. ನಮ್ಮ ಶಾಲೆಯ ಡ್ರಿಲ್ ಮಾಸ್ತರು ಒಳ್ಳೆಯ ಈಜುಗಾರ. ಒಂದಾಳುದ್ದದ ನೀರಿಗೆ ಇಳಿದು ಕಿವಿ ನೋಯುತ್ತದೆ ಎಂದು ಮೇಲೆ ಬಂದವರು ಮತ್ತೆ ಆ ಮಾತು ಎತ್ತಲಿಲ್ಲ. ಶಿರವಾಡದಲ್ಲಿ ಬಾಡಿಗೆಗಿದ್ದ ನೌಕಾಪಡೆಯ ಒಬ್ಬ ಹುಡುಗನಿಗೆ ಡೈವಿಂಗ್ ಬರುತ್ತಿತ್ತು. ಅವನು, "ಸರ್, ನನಗೆ ಅನುಮತಿ ಸಿಗೋದಿಲ್ಲ, ನೀವು ಕೇಳಿದ್ದೂ ನನಗೆ ಕೇಳಿಸಲಿಲ್ಲ" ಎಂದು ನಕ್ಕು ಒಳಗೆ ಹೋದ. ಎರಡು ಸಲ ಗೋವಾಕ್ಕೇ ಹೋಗಿ ಪ್ರವಾಸಿಗರ ಗುಂಪಿನ ಜೊತೆ ಇಳಿದೆ. ನನಗೆ ಬೇಕಾದದ್ದು ದಿನಾ ಬಸ್ಸಿನಿಂದ ಕಾಣುವ ಈ ನೀರು.

ಮಳೆ ಮುಗಿದು ನೀರು ತಿಳಿಯಾಗುವ ಹೊತ್ತಿಗೆ, ಒಂದು ಭಾನುವಾರ, ಬೇಲೇಕೇರಿಯ ಕಡೆ ಬಂಡೆಗಳ ಮೇಲೆ ನಿಂತಿದ್ದೆ. ಕಲ್ಲು ಎಸೆದರೆ ಮುಟ್ಟುವಷ್ಟು ದೂರದಲ್ಲಿ ಒಂದು ಸಣ್ಣ ದೋಣಿ. ಅದರಲ್ಲಿ ಐವತ್ತು ದಾಟಿದ ಒಬ್ಬ ಮನುಷ್ಯ ಹಗ್ಗ ಹಿಡಿದು ಕೂತಿದ್ದ. ಇಲ್ಲಿ ನೀರು ಎಷ್ಟು ಆಳ ಎಂದು ಕೂಗಿ ಕೇಳಿದೆ. ಉತ್ತರ ಇಲ್ಲ. ಮತ್ತೆ ಕೇಳಿದೆ. ಆತ ನನ್ನ ಕಡೆ ಕಣ್ಣು ಹೊರಳಿಸಿದ, ಅಷ್ಟೇ. ಮುಖ ಕೆಂಪಾಗಿತ್ತು. ಎಂಥ ಸೊಕ್ಕಪ್ಪಾ ಅಂದುಕೊಂಡೆ. ಅಷ್ಟರಲ್ಲಿ ದೋಣಿಯ ಪಕ್ಕ ನೀರು ಸೀಳಿ ಇನ್ನೊಬ್ಬ ಮೇಲೆ ಬಂದ, ಸೊಂಟದ ಬಲೆಚೀಲದಲ್ಲಿ ಬಂಡೆಯಿಂದ ಕಿತ್ತ ಚಿಪ್ಪಿ. ದೋಣಿಯಲ್ಲಿದ್ದವನು ಆಗ ದೊಡ್ಡದಾಗಿ ಉಸಿರು ಬಿಟ್ಟು, ಎರಡು ಸಲ ಎಳೆದುಕೊಂಡು, "ಹ್ಞಾಂ, ಈಗ ಕೇಳಿ" ಅಂದ.

ಅವರಿಬ್ಬರು ಅಣ್ಣತಮ್ಮಂದಿರು. ಚೆಂಡಿಯಾದ ಕಡೆಯವರು. ಜಾಗ ನೌಕಾನೆಲೆಗೆ ಹೋಗಿ, ಸರಕಾರ ಕೊಟ್ಟ ಕಾಲನಿಯ ಮನೆಗೆ ಬಂದು ಕೆಲವು ವರ್ಷವಾಗಿತ್ತು. ಅಪ್ಪನ ಕಾಲದಿಂದ ಚಿಪ್ಪಿ ಕೀಳುತ್ತಿದ್ದ ಬಂಡೆಗಳು ಬೇಲಿಯ ಆಚೆ ಉಳಿದವು, ಈಗ ಇಲ್ಲಿಯವರೆಗೆ ದೋಣಿ ಹುಟ್ಟು ಹಾಕಿಕೊಂಡು ಬರಬೇಕು. ತಮ್ಮ ಮುಳುಗುವವನು, ಅಣ್ಣ ಹಗ್ಗ ಹಿಡಿಯುವವನು. ಹಗ್ಗಕ್ಕೆ ಅವರು ಬಳ್ಳಿ ಅನ್ನುತ್ತಾರೆ.

"ಅಂವ ಕೆಳ್ಗೆ ಇದ್ದಾಗ ನಾ ಮಾತಾಡೂದಿಲ್ಲ" ಎಂದು ಅಣ್ಣ ಹೇಳಿದ. "ಅಂವ ಉಸ್ರು ಕಟ್ಟಿದ ಕೂಡ್ಲೆ ನಾನೂ ಕಟ್ತೆ. ನನ್ನದು ಮುಗೀತು ಅಂದ್ರೆ ಬಳ್ಳಿ ಎಳಿತೆ. ಎಳದ್ರೆ ಅಂವ ಎಂತ ಕೈಲಿದ್ರೂ ಬಿಟ್ಟು ಬರಬೇಕು. ನಮ್ಮಪ್ಪ ಕಲ್ಸಿದ್ದು."

"ನಿಮಗೆ ವಯಸ್ಸಾಗಿದೆಯಲ್ಲ, ನಿಮ್ಮ ಉಸಿರು ಮೊದಲೇ ಮುಗಿದರೆ?"

"ಅದೇ ಒಳ್ಳೇದು. ಅವಂದು ಸ್ವಲ್ಪ ಉಳ್ದಿರ್ತದೆ."

ಎಷ್ಟು ಚಂದದ ಪದ್ಧತಿ ಎಂದು ನನಗೆ ನಿಜವಾಗಿಯೂ ಅನ್ನಿಸಿತು. ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅದನ್ನು ಬಣ್ಣಿಸಿ ಹೇಳಿದೆ. ಆದರೆ ನನ್ನ ತಲೆಯಲ್ಲಿ ಆಗಲೇ ಕೂತದ್ದು ತಮ್ಮ. ಮೂವತ್ತೈದರ ಗಟ್ಟಿ ಆಳು, ನೀರಿನ ಭಯವೇ ಇಲ್ಲ, ಎರಡು ನಿಮಿಷ ಉಸಿರು ಹಿಡಿಯುತ್ತಾನೆ. ಇಂಥವನನ್ನು ಬಿಟ್ಟು ನಾನು ಡ್ರಿಲ್ ಮಾಸ್ತರನ್ನು ಬೇಡಿಕೊಂಡಿದ್ದೆನಲ್ಲ!

ಮುಂದಿನ ಭಾನುವಾರ ಎರಡನೆಯ ಜೊತೆಯನ್ನು ಮಂಚದ ಕೆಳಗಿನಿಂದ ತೆಗೆದುಕೊಂಡು ಹೋಗಿ ಅವನ ಮುಂದೆ ಹರವಿದೆ. ಅವನು ಒಂದೊಂದನ್ನೂ ಮುಟ್ಟಿ ನೋಡಿದ. ಅರ್ಧ ತಾಸು ಕೆಳಗೇ ಇರಬಹುದು ಎಂದಾಗ ನಂಬಲಿಲ್ಲ. ರೆಗ್ಯುಲೇಟರನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ:

"ಇಪ್ಪತ್ತು ವರ್ಸ ಆಯ್ತು ಮಾಸ್ತರೆ, ಹೋಗೂದು, ಕೀಳೂದು, ಬರೂದು. ಅಲ್ಲಿ ಎಂತ ಅದೆ ಅಂತ ನಿಂತು ನೋಡೂಕೇ ಆಗ್ಲಿಲ್ಲ."

ಆ ಮಾತು ನನ್ನದೇ ಮಾತು ಎನ್ನಿಸಿ ನನಗೆ ಅವನ ಮೇಲೆ ಒಮ್ಮೆಲೇ ಪ್ರೀತಿ ಹುಟ್ಟಿತು. ಅವನನ್ನು ಗೋವಾಕ್ಕೆ ಕರೆದುಕೊಂಡು ಹೋಗಿ ಕಲಿಸಬೇಕಾಗಿತ್ತು. ನನ್ನ ಕೈಯಲ್ಲಿದ್ದದ್ದು ಕಲಿತವನ ಕಾರ್ಡು, ಕಲಿಸುವವನದಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹದಿನೈದು ವರ್ಷ ಪಾಠ ಹೇಳಿದವನಿಗೆ ತನ್ನಿಂದ ಕಲಿಸಲಾಗದ್ದು ಏನೂ ಇಲ್ಲ ಎಂಬ ಜಂಬ ಇರುತ್ತದೆ. ನನಗೂ ಇತ್ತು.

ನಾಲ್ಕು ಭಾನುವಾರ ಎದೆಮಟ್ಟದ ನೀರಿನಲ್ಲಿ ಕಲಿಸಿದೆ. ಒಂದು ಮಾತನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ: ಉಸಿರು ಹಿಡಿಯಬೇಡ. ನೀನು ಬರೀ ಮೈಯಲ್ಲಿ ಮುಳುಗುವಾಗ ಮೇಲಿನ ಗಾಳಿಯನ್ನು ಎದೆಯಲ್ಲಿಟ್ಟುಕೊಂಡು ಹೋಗುತ್ತೀಯ, ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸಿಲಿಂಡರಿನ ಗಾಳಿ ಹಾಗಲ್ಲ. ಅದನ್ನು ಆಳದಲ್ಲೇ ಎದೆ ತುಂಬ ಎಳೆದುಕೊಳ್ಳುತ್ತೀಯ, ಮೇಲೆ ಬರುತ್ತ ಬರುತ್ತ ಅದು ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಬಂದರೆ ಪುಪ್ಪುಸ ಹರಿಯುತ್ತದೆ. ಒಂಬತ್ತನೇ ಕ್ಲಾಸಿಗೆ ಪ್ರತಿ ವರ್ಷ ಕಲಿಸುವ ಪಾಠವೇ ಇದು. ಅವನು ನಗುತ್ತಿದ್ದ. "ಇಷ್ಟು ವರ್ಸ ಉಸ್ರು ಹಿಡೂದೇ ಕೆಲ್ಸ. ಈಗ ಬಿಡೂದು ಕಲಿಯೂಕೆ ಬೇಕಾ?" ಅನ್ನುತ್ತಿದ್ದ. ಆದರೂ ಕಲಿತ. ನೀರಿನೊಳಗೆ ಅವನ ಬಾಯಿಂದ ಗುಳ್ಳೆಗಳು ಸಾಲಾಗಿ ಮೇಲೇಳುವುದನ್ನು ನೋಡಿ ನಾನು ಹೆಬ್ಬೆರಳು ತೋರಿಸ ಹೋಗಿ, ನೀರಿನೊಳಗೆ ಅದಕ್ಕೆ ಮೇಲೆ ಹೋಗು ಎಂಬ ಅರ್ಥ ಎಂದು ನೆನಪಾಗಿ ಕೈ ಮಡಚಿಕೊಳ್ಳುತ್ತಿದ್ದೆ.

ಈ ನಾಲ್ಕೂ ಭಾನುವಾರ ಅಣ್ಣ ಬರಲಿಲ್ಲ. ಕಾಲನಿಯಲ್ಲಿ ಅವನ ಮನೆಗೆ ಮಾಡು ಹೊದಿಸುವ ಕೆಲಸ ನಡೆದಿತ್ತು. ನನಗೂ ಅವನು ಬೇಕಾಗಿರಲಿಲ್ಲ.

ಐದನೆಯ ಭಾನುವಾರ ದೂರದ ಬಂಡೆಗೆ ಹೋಗುವುದು ಎಂದಾಯಿತು. ಅಲ್ಲಿ ನೀರು ಒಂಬತ್ತು ಮೀಟರ್ ಇರಬಹುದು. ದೋಣಿ ಬೇಕು, ದೋಣಿ ಅಂದ ಮೇಲೆ ಅಣ್ಣನೂ ಬಂದ. ಬೆಳಗಿನ ಹೊತ್ತು, ಗಾಳಿ ಇರಲಿಲ್ಲ, ಬಂಡೆಯ ಸುತ್ತ ಮಾತ್ರ ಬಿಳಿ ನೊರೆ. ತಮ್ಮ ಜಾಕೀಟು ತೊಟ್ಟು ನಿಂತಾಗ ಅಣ್ಣ ಅದರ ಪಟ್ಟಿಯ ಕೆಳಗೆ ಕೈ ತೂರಿಸಿ ಎಂದಿನಂತೆ ಸೊಂಟಕ್ಕೆ ಹಗ್ಗ ಕಟ್ಟಿದ. ನಾನು ನೋಡಿದೆ. ಇರಲಿ, ಒಳ್ಳೆಯದೇ, ಒಂದು ಜಾಸ್ತಿ ಭದ್ರತೆ ಆಯಿತು ಅಂದುಕೊಂಡೆ.

"ಎಷ್ಟು ಹೊತ್ತು?" ಎಂದು ಅಣ್ಣ ಕೇಳಿದ.

"ಅರ್ಧ ತಾಸು. ಏನೂ ಹೆದರಬೇಡಿ" ಅಂದೆ.

ಅವನಿಗೆ ನಾನು ಹೇಳಿದ್ದು ಇಷ್ಟೇ. ಇಳಿಯುವ ಮೊದಲು ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಎಲ್ಲವನ್ನೂ ಬಿಡಿಸಿ ಹೇಳಬೇಕು ಎಂದು ಗೋವಾದಲ್ಲಿ ನನಗೆ ಕಲಿಸಿದ್ದರು. ಗುಳ್ಳೆ ಬಂದರೆ ಏನರ್ಥ, ಬಾರದಿದ್ದರೆ ಏನು ಮಾಡಬೇಕು, ಹಗ್ಗ ಎಳೆಯಬಾರದು, ಎಳೆದರೆ ಏನಾಗುತ್ತದೆ. ಹೇಳಿದ್ದರೆ ಐದು ನಿಮಿಷದ ಕೆಲಸ. ನನಗೆ ನೀರಿಗೆ ಬೀಳುವ ಅವಸರ. ಅಲ್ಲದೆ, ಜೋಡಿ ಎಂದರೆ ಜೊತೆಗೆ ಇಳಿಯುವವನು ಮಾತ್ರ ಎಂದು ನಾನು ತಿಳಿದಿದ್ದೆ.

ಕೆಳಗೆ ನೀರು ತಿಳಿಯಾಗಿತ್ತು. ಬಂಡೆಯ ಬುಡದ ಗುಂಟ ಹೋದೆವು. ಅವನು ತಾನು ವರ್ಷಗಟ್ಟಲೆ ತಡಕಾಡಿ ಚಿಪ್ಪಿ ಕಿತ್ತ ಜಾಗಗಳನ್ನು ನನಗೆ ಕೈ ಮಾಡಿ ತೋರಿಸಿದ. ಬಂಡೆಯ ಆಚೆ ಬದಿಯಲ್ಲಿ ಒಂದು ಬಿರುಕು, ಅದರೊಳಗೆ ದೊಡ್ಡದೊಂದು ಗೋಬ್ರ ಮೀನು ಬಾಯಿ ಮುಚ್ಚಿ ತೆರೆದು ಮಾಡುತ್ತ ನಿಂತಿತ್ತು. ಅವನು ಅದರ ಮುಂದೆ ಮರಳಿನಲ್ಲಿ ಮಂಡಿಯೂರಿ ಕೂತ. ಏಳಲೇ ಇಲ್ಲ. ನಾನು ಸ್ವಲ್ಪ ಹಿಂದೆ ನಿಂತು ಮೀನನ್ನು ನೋಡುವುದು ಬಿಟ್ಟು ಅವನನ್ನು ನೋಡಿದೆ. ನನ್ನ ಜೀವನದಲ್ಲಿ ಒಬ್ಬ ಮನುಷ್ಯನಿಗೆ ಏನಾದರೂ ಕೊಟ್ಟಿದ್ದೇನೆ ಎಂದು ನನಗೆ ಅನ್ನಿಸಿದ್ದು ಆ ಹೊತ್ತಿನಲ್ಲಿ.

ಆಗ ಹಗ್ಗ ಬಿಗಿಯಿತು. ಮೂರು ಸಲ, ಜೋರಾಗಿ.

ನಾನು ನೋಡುತ್ತಿದ್ದ ಹಾಗೇ ಅವನ ಮೈ ಬದಲಾಯಿತು. ನನ್ನ ಕಡೆ ತಿರುಗಲಿಲ್ಲ, ಯೋಚಿಸಲೂ ಇಲ್ಲ. ಕಾಲಿನಿಂದ ನೆಲ ಒದ್ದು, ತಲೆ ಮೇಲೆ ಮಾಡಿ ನೆಟ್ಟಗೆ ಹೊರಟ. ಅವನ ಬಾಯಿಂದ ಒಂದು ಗುಳ್ಳೆಯೂ ಹೊರಡಲಿಲ್ಲ. ಉಸಿರು ಬಿಡು ಎಂದು ಕೂಗಿದೆ, ರೆಗ್ಯುಲೇಟರಿನೊಳಗೆ ಅದು ಬರೀ ಗೊರಗೊರ ಸದ್ದಾಯಿತು. ಅವನ ಕಾಲಿನ ರೆಕ್ಕೆಗೆ ಕೈ ಚಾಚಿದೆ, ಸಿಗಲಿಲ್ಲ. ಅವನು ಮೇಲಿನ ಬೆಳಕಿನಲ್ಲಿ ಸಣ್ಣಗಾಗುತ್ತ ಹೋದ. ನಾನು ಏನು ಮಾಡಿದೆ ಗೊತ್ತೇ? ಪುಸ್ತಕದಲ್ಲಿ ಹೇಳಿದ ಹಾಗೆ, ಉಸಿರು ಬಿಡುತ್ತ, ನನ್ನ ಗುಳ್ಳೆಗಳಿಗಿಂತ ನಿಧಾನವಾಗಿ ಮೇಲೆ ಬಂದೆ.

ಅಣ್ಣ ಅವನನ್ನು ಆಗಲೇ ದೋಣಿಗೆ ಎಳೆದುಕೊಂಡಿದ್ದ. ತಮ್ಮನ ತುಟಿಯ ಮೇಲೆ ಗುಲಾಬಿ ಬಣ್ಣದ ನೊರೆ. "ಎದೆಲಿ ಎಂತೋ ಆಯ್ತು" ಅಂದ, ಅದು ಅವನ ದನಿಯೇ ಅಲ್ಲ, ಮೂಗಿನಿಂದ ಬಂದ ಹಾಗಿತ್ತು. ಕುತ್ತಿಗೆ ಉಬ್ಬಿತ್ತು. ಕೈಯಿಟ್ಟು ನೋಡಿದೆ. ಚರ್ಮದ ಕೆಳಗೆ ಚುರುಮುರಿ ಒತ್ತಿದ ಹಾಗೆ ಚರಚರ ಅಂದಿತು. ಅದು ಪುಪ್ಪುಸದಿಂದ ಹೊರಬಿದ್ದ ಗಾಳಿ ಎಂದು ನನಗೆ ತಕ್ಷಣ ತಿಳಿಯಿತು. ಆ ದೋಣಿಯಲ್ಲಿ ಅದು ತಿಳಿದದ್ದು ನನಗೊಬ್ಬನಿಗೇ.

ದಡಕ್ಕೆ ಬಂದು, ಮೀನಿನ ಟೆಂಪೋ ಒಂದನ್ನು ನಿಲ್ಲಿಸಿ, ಅವನನ್ನು ಮಲಗಿಸಿಕೊಂಡು ಕಾರವಾರದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅಣ್ಣ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅಣ್ಣನ ಬಾಯಿ ಬಿಗಿದಿತ್ತು. ಉಸಿರು ಕಟ್ಟಿ ಕೂತಿದ್ದಾನೆ ಎಂದು ನನಗೆ ಆಮೇಲೆ ಹೊಳೆಯಿತು. ತಮ್ಮ ಉಸಿರೆಳೆದಾಗೊಮ್ಮೆ ತಾನೂ ಎಳೆಯುತ್ತಿದ್ದ.

ಡಾಕ್ಟರು ಪಕ್ಕೆಲುಬಿನ ನಡುವೆ ನಳಿಗೆ ಹಾಕಿ ಗಾಳಿ ತೆಗೆದರು. ಜೀವಕ್ಕೆ ಭಯವಿಲ್ಲ ಎಂದು ಹೇಳುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಒಂದು ಬದಿಯ ಪುಪ್ಪುಸ ಹರಿದಿದೆ, ಗುಣವಾಗುತ್ತದೆ, ಆದರೆ ಇನ್ನು ಮುಳುಗುವ ಕೆಲಸ ಮಾತ್ರ ಬೇಡ, ಜೀವಮಾನದಲ್ಲಿ ಬೇಡ ಅಂದರು. ಆಮೇಲೆ ಕೇಳಿದರು: ಏನಾಯಿತು?

"ನಾ ಬಳ್ಳಿ ಎಳ್ದೆ ಸಾಹೇಬ್ರೆ" ಎಂದು ಅಣ್ಣ ಹೇಳಿದ.

ಡಾಕ್ಟರು ನನ್ನ ಕಡೆ ತಿರುಗಿ, ನೀವು ಯಾರು ಅಂದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ, "ಮಾಸ್ತರು. ಒಳ್ಳೇವ್ರು. ಗಾಡಿ ಮಾಡಿ ಕರ್ಕೊಂಡ್ ಬಂದದ್ದು ಅವ್ರೇ."

ನಾನು ಆಗ ಹೇಳಬಹುದಿತ್ತು. ಕಲಿಸಿದ್ದು ನಾನು, ಕಲಿಸುವ ಹಕ್ಕು ನನಗಿರಲಿಲ್ಲ, ಹಗ್ಗದ ವಿಷಯ ಇವನಿಗೆ ತಿಳಿಸಬೇಕಾದದ್ದು ನನ್ನ ಕೆಲಸವಾಗಿತ್ತು. ಮೂರು ವಾಕ್ಯ. ನನಗೆ ಶಾಲೆ ನೆನಪಾಯಿತು, ಪೊಲೀಸು ನೆನಪಾಯಿತು, ಪೇಪರಿನಲ್ಲಿ ಬರುವ ಸುದ್ದಿ ನೆನಪಾಯಿತು. ತಲೆ ಅಲ್ಲಾಡಿಸಿ ಸುಮ್ಮನಿದ್ದೆ. ಡಾಕ್ಟರು ಹೋದ ಮೇಲೆ ಅಣ್ಣ ಗೋಡೆಗೆ ಒರಗಿ ನೆಲದ ಮೇಲೆ ಕೂತ.

"ಹನ್ನೊಂದು ಸಲ ಉಸ್ರು ಕಟ್ಟಿ ಕಟ್ಟಿ ಬಿಟ್ಟೆ ಮಾಸ್ತರೆ. ನೀವು ಅರ್ಧ ತಾಸು ಅಂದಿದ್ರಿ, ನೆನಪಿತ್ತು. ಮೊದ್ಲು ಗುಳ್ಳೆ ಕಾಣ್ತಿತ್ತು. ನೀವು ಬಂಡೆ ಆಚೆ ಹೋದ್ರಿ, ನೊರೆಲಿ ಎಂತದೂ ಕಾಣಲಿಲ್ಲ. ಹನ್ನೆರಡನೇದಕ್ಕೆ ನನ್ಕೈಲಿ ಆಗ್ಲಿಲ್ಲ. ಎಳ್ದೆ."

ನಾನು ಅವನ ಪಕ್ಕ ಕೂತೆ. ಭುಜದ ಮೇಲೆ ಕೈಯಿಟ್ಟೆ. ಸಮಾಧಾನ ಮಾಡಿದೆ. ಇದನ್ನು ಬರೆಯುವಾಗಲೂ ಆ ಕೈಯ ಬಗ್ಗೆ ನನಗೆ ಅಸಹ್ಯವಾಗುತ್ತದೆ.

ತಮ್ಮ ತಿಂಗಳೊಪ್ಪತ್ತಿನಲ್ಲಿ ಎದ್ದು ಓಡಾಡಿದ. ಮುಳುಗುವುದು ಹೋಯಿತು. ಬೇಲೇಕೇರಿಯಲ್ಲಿ ಬಲೆ ಸರಿಪಡಿಸುವ ಕೆಲಸಕ್ಕೆ ಕೂತ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ನಾನು ಹಣ್ಣು, ಬಿಸ್ಕಿಟು ಹಿಡಿದುಕೊಂಡು ಎರಡು ತಿಂಗಳಿಗೊಮ್ಮೆ ಅವರ ಕಾಲನಿಗೆ ಹೋಗುತ್ತಿದ್ದೆ. ಒಮ್ಮೆ ತಮ್ಮನ ಹತ್ತಿರ, ಯಾಕೆ ಬಾಯಿ ಮುಚ್ಚಿದೆ ಎಂದು ಕೇಳಿದೆ. ಅವನು ಬಲೆಯಿಂದ ತಲೆ ಎತ್ತದೆ ಹೇಳಿದ, "ನೀವು ಸಾವ್ರ ಸಲ ಹೇಳಿದ್ರಿ, ತಪ್ಪು ನಂದೇ. ಅಣ್ಣ ಬಳ್ಳಿ ಎಳ್ದ ಕೂಡ್ಲೆ ಬಾಯಿ ಅದ್ರಷ್ಟಕ್ಕೇ ಮುಚ್ಚಿ ಹೋಯ್ತು." ಮೂವರಲ್ಲಿ ಇಬ್ಬರು ತಪ್ಪು ತಮ್ಮದೆಂದು ಹೇಳಿ ಆಗಿತ್ತು. ನಾನು ಬಾಳೆಹಣ್ಣಿನ ಚೀಲ ಅಲ್ಲಿಟ್ಟು ಬಸ್ಸಿಗೆ ಬಂದೆ.

ಅಣ್ಣ ದೋಣಿ ಮಾರಿದ ಎಂದು ಮರುವರ್ಷ ತಿಳಿಯಿತು. ಬೇರೆ ಮುಳುಗುವವರು ಹಗ್ಗ ಹಿಡಿಯುವುದಕ್ಕೆ ಕರೆದರೆ, ನನ್ನ ಕೈ ಒಳ್ಳೇದಲ್ಲ ಅನ್ನುತ್ತಿದ್ದನಂತೆ. ಹೆದ್ದಾರಿಯ ಬದಿಯ ಒಂದು ಗೇರುಬೀಜದ ಗೋದಾಮಿನಲ್ಲಿ ಕಾವಲಿಗೆ ಸೇರಿದ. ನಾನು ಸಾಮಾನುಗಳನ್ನು ಒಂದೊಂದಾಗಿ ಗೋವಾಕ್ಕೇ ಒಯ್ದು ಕೊಟ್ಟು ಬಂದೆ. ಏನಾಯಿತು ಎಂದು ಕಲಿಸಿದವಳು ಕೇಳಿದಳು. ಜೋಡಿ ಸಿಗಲಿಲ್ಲ ಅಂದೆ. ಅವಳಿಗೂ ಹೇಳಲಿಲ್ಲ. ಶಾಲೆಯಲ್ಲಿ ಗಾಳಿ ಹಿಗ್ಗುವ ಆ ಪಾಠ ಬಂದಾಗ ಓದಿಕೊಳ್ಳಿ ಎಂದು ಹೇಳಿ ಮುಂದಿನದಕ್ಕೆ ಹೋಗುತ್ತಿದ್ದೆ.

ಮೂರು ವರ್ಷ ಕಳೆದ ಮೇಲೆ ಒಂದು ದಿನ ತಮ್ಮ ಶಾಲೆಗೇ ಬಂದ. ಗೇಟಿನಿಂದ ಸ್ಟಾಫ್ ರೂಮಿನವರೆಗೆ ನಡೆದು ಬಂದದ್ದಕ್ಕೆ ಸುಧಾರಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅಣ್ಣ ನನ್ನ ಸಂಗ್ತಿ ಕೂತು ಉಣ್ಣೂದಿಲ್ಲ ಮಾಸ್ತರೆ. ಚೌತಿಗೂ ಬರಲಿಲ್ಲ. ನನ್ನ ಮುಖ ನೋಡೂಕೆ ಆಗೂದಿಲ್ಲ ಅಂತ. ನಾ ಹೇಳಿದ್ರೆ ಕೇಳೂದಿಲ್ಲ. ನೀವು ಕಲ್ತವ್ರು, ನೀವು ಒಂದ್ಸಲ ಬಂದು ಹೇಳಿ. ಅವಂದೇನೂ ತಪ್ಪಿಲ್ಲ ಅಂತ."

ಅವನು ನನ್ನನ್ನು ಕೇಳಿದ್ದು ಒಂದು ಸಮಾಧಾನದ ಮಾತನ್ನು. ನನ್ನ ಹತ್ತಿರ ಇದ್ದದ್ದು ನಿಜ. ಕೊನೆಯ ಪೀರಿಯಡ್ ಬಿಟ್ಟು ಅವನ ಜೊತೆಗೇ ಹೊರಟೆ.

ಅಣ್ಣ ಅಂಗಳದಲ್ಲಿ ಬಿದಿರು ಸೀಳುತ್ತ ಕೂತಿದ್ದ. ತಮ್ಮನನ್ನು ಕಂಡು ಕಣ್ಣು ತಗ್ಗಿಸಿದ, ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ತರಲು ಹೊರಟ. ಬೇಡ ಅಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಸಿಲಿಂಡರಿನ ಗಾಳಿ ಎದೆಯಲ್ಲಿ ಹಿಗ್ಗುವುದು, ಹಗ್ಗ ಎಳೆಯಬಾರದು ಎಂದು ಇಳಿಯುವ ಮೊದಲು ನಿಮಗೆ ಹೇಳಬೇಕಾಗಿದ್ದದ್ದು, ಅದನ್ನು ನನಗೆ ಕಲಿಸಿದ್ದರೂ ನಾನು ಹೇಳದೆ ಹೋದದ್ದು, ತಮ್ಮನಿಗೆ ಕಲಿಸುವ ಅಧಿಕಾರವೇ ನನಗೆ ಇಲ್ಲದ್ದು. ನೀವು ಮಾಡಿದ್ದು ಸರಿಯಾಗಿಯೇ ಇತ್ತು, ತಪ್ಪು ಪೂರ್ತಿ ನನ್ನದು ಅಂದೆ. ಹೇಳುವಾಗ ನನ್ನ ದನಿ ಪಾಠ ಹೇಳುವ ದನಿಯಾಗಿತ್ತು, ಅದನ್ನು ಬದಲಿಸುವುದು ನನ್ನಿಂದ ಆಗಲಿಲ್ಲ.

ಅವನು ಕತ್ತಿಯನ್ನು ನೆಲಕ್ಕಿಟ್ಟ. ನನ್ನ ಮುಖ ನೋಡಿದ. ಬೈಯುತ್ತಾನೆ ಎಂದು ಕಾದೆ, ಬೈದರೆ ಹಗುರಾಗುತ್ತದೆ ಎಂದು ಆಸೆಯೂ ಇತ್ತು.

"ಇದು ನಿಮಗೆ ಯಾವಾಗ ಗುತ್ತಾಯ್ತು?"

"ಅವತ್ತೇ. ದೋಣಿಯಲ್ಲೇ."

"ದೋಣಿಲೇ" ಅಂದ. "ಮತ್ತೆ ಆಸ್ಪತ್ರೆಲಿ ನಾ ನೆಲದ ಮೇಲೆ ಕೂತಾಗ ನೀವು ನನ್ನ ಬದಿಗೇ ಕೂತಿದ್ರಿ. ಇಷ್ಟು ಹೇಳೂಕೆ ಎಷ್ಟು ಹೊತ್ತು ಬೇಕಾಗಿತ್ತು ಮಾಸ್ತರೆ?"

ಅವನು ಉತ್ತರಕ್ಕೆ ಕಾಯಲಿಲ್ಲ. ತಿರುಗಿ ತಮ್ಮನನ್ನು ನೋಡಿದ, ಮುಖವನ್ನು ನೇರವಾಗಿ, ಮೂರು ವರ್ಷದಲ್ಲಿ ಮೊದಲ ಸಲ ಇರಬೇಕು. "ಊಟ ಆಯ್ತಾ ನಿಂದು?" ಎಂದು ಕೇಳಿದ. ಇಲ್ಲ ಎಂದು ತಮ್ಮ ತಲೆ ಅಲ್ಲಾಡಿಸಿದ. ಇಬ್ಬರೂ ಒಳಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ.